ಕಂಟೇನರಿನ ನಿಂಬೆಹಣ್ಣು

ಆಗ ನನಗೆ ಐವತ್ತೆಂಟು. ಇಪ್ಪತ್ತು ವರ್ಷದ ಹಿಂದಿನ ಮಾತು. ಹೈದರಾಬಾದಿನ ಹುಡುಗರೆಲ್ಲ ಅಮೆರಿಕದ ವೀಸಾಕ್ಕೆ ಓಡಾಡುತ್ತಿದ್ದರು. ಅಲ್ಲೇ ಮಣಿಕೊಂಡದ ರೊಟ್ಟಿ ಕಾರ್ಖಾನೆಯಾಗ ನಾವು ಹೆಣ್ಣುಮಕ್ಕಳು ಬಡಿದ ಖಡಕ್ ರೊಟ್ಟಿ ವೀಸಾ ಇಲ್ಲದೇ ಹಡಗು ಹತ್ತುತ್ತಿತ್ತು. ಅದನ್ನು ಕಳಿಸುವ ಮ್ಯಾನೇಜರು ಮಾತಿಗೊಮ್ಮೆ ನೆಟಿಕೆ ಮುರಿದು "ದೃಷ್ಟಿ ಆಗ್ತೈತಿ" ಅನ್ನುವಾತ. ತನ್ನ ಕಂಪ್ಯೂಟರಿಗೂ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದ.

ಒಮ್ಮೆ ಕಂಟೇನರಿನ ಒಳಗೂ ಕಟ್ಟಿ ಕಳಿಸಿದ. ಹಸಿ ಹಣ್ಣು ತಮ್ಮ ದೇಶದೊಳಗೆ ಬಿಡುವುದಿಲ್ಲವೆಂದು ಅಮೆರಿಕದವರು ಪೂರ್ತಿ ಮಾಲು ವಾಪಸ್ ಕಳಿಸಿದರು. ಇನ್ನೊಮ್ಮೆ ಹಿಂಗಾದರೆ ನೌಕರಿ ಇಲ್ಲ ಅಂದರು ಅವನಿಗೆ ಕಾರ್ಖಾನೆಯ ಮಾಲೀಕರು.

ಮುಂದಿನ ಕಂಟೇನರಿಗೆ ರೊಟ್ಟಿ ತುಂಬಿದೆವು. ಈತ ಬಾಗಿಲು ಹಾಕಲು ಬಿಡವಲ್ಲ.

"ನಿಂಬಿಹಣ್ಣಿಲ್ಲದ ಹೆಂಗ ಸಮುದ್ರ ದಾಟತೈತಿ, ಅವ್ವಾ?"

"ನಿಂಬಿಹಣ್ಣಿಗೆ ವೀಸಾ ಸಿಗಲಿಲ್ಲ, ಸಾಹೇಬ್ರ. ನಾಳೆ ನೋಡೂಣು, ನಡೀರಿ."

ಮರುದಿನ ಮುಂಜಾನೆ ಅಬಿಡ್ಸ್ ಬಜಾರಿಗೆ ಹೋಗಿ, ಪ್ಲಾಸ್ಟಿಕ್ಕಿನ ನಿಂಬೆಹಣ್ಣು, ಮೆಣಸಿನಕಾಯಿ ತಂದು ಅವನ ಕೈಗಿಟ್ಟೆ.