ಅಕ್ಷರದಕ್ಕನ ಪದವಿ

ದೂರಶಿಕ್ಷಣದ ಕಲಿಕಾ ಕೇಂದ್ರ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಪೇಂಟ್ ಅಂಗಡಿಯ ಮೇಲೆ ಎರಡು ಕೋಣೆ, ಒಂದು ಕಂಪ್ಯೂಟರ್, ಕಾಲು ಅಲುಗುವ ಮೇಜು, ಗುಮಾಸ್ತನಾದ ನಾನು. ಪಾಠ ಮಾಡುವವರು ವಿಡಿಯೋದಲ್ಲಿರುತ್ತಾರೆ. ಅದು ಅರ್ಧಕ್ಕೇ ಗಿರಗಿರ ಸುತ್ತುತ್ತ ನಿಂತುಬಿಡುತ್ತದೆ. ಸಂಶಯವಿದ್ದರೆ ಇಮೇಲ್ ಕಳಿಸಬೇಕು. ಅದಕ್ಕೆ ಉತ್ತರ ಬಂದದ್ದನ್ನು ನಾನಂತೂ ಕಂಡಿಲ್ಲ.

ನಮ್ಮ ವಿದ್ಯಾರ್ಥಿಗಳೆಂದರೆ ಪಾಳಿ ಮುಗಿಸಿ ಬಂದ ನರ್ಸು, ಬಸ್ ಕಂಡಕ್ಟರು, ಸಣ್ಣ ಮಕ್ಕಳ ತಾಯಂದಿರು. ಪ್ರತಿ ವರ್ಷ ನಲವತ್ತು ಪುಟ ಉತ್ತರವನ್ನು ಕೈಯಲ್ಲೇ ಬರೆದು ಒಪ್ಪಿಸಬೇಕು. "ಟೈಮೇ ಸಿಗಲ್ಲ ಸಾರ್, ಏನಾದ್ರೂ ದಾರಿ ಹೇಳಿ" ಎಂದು ಅವರು ತಲೆ ಕೆರೆದುಕೊಂಡು ನಿಂತರೆ, ನಾನು ಕಿಟಕಿಯಿಂದ ಎದುರಿನ ಜೆರಾಕ್ಸ್ ಅಂಗಡಿ ತೋರಿಸುತ್ತಿದ್ದೆ.

ಅಲ್ಲಿ ಕೆಲಸಕ್ಕಿದ್ದವಳೇ ಅಕ್ಷರದಕ್ಕ. ಹೆಸರು ನಾವಿಟ್ಟದ್ದು. ತಂಗಿಯನ್ನು ಓದಿಸುವ ಹೊಣೆ ಹೆಗಲಿಗೆ ಬಿದ್ದು, ಅವಳ ಓದು ಶಾಲೆಗೇ ನಿಂತಿತ್ತು. ಒಬ್ಬೊಬ್ಬರಿಗೂ ಒಂದೊಂದು ಬಗೆಯ ಬರವಣಿಗೆಯಲ್ಲಿ ಬರೆದುಕೊಡುವ ಕೈಚಳಕ ಅವಳದು. ಮೊದಮೊದಲು ಗೈಡ್ ನೋಡಿ ಬರೆಯುತ್ತಿದ್ದಳು. ಒಂದು ದಿನ ಆ ಗೈಡನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಇದನ್ನ ಬರೆದ ಪುಣ್ಯಾತ್ಮ ಪುಸ್ತಕ ಮೂಸಿಯೂ ನೋಡಿಲ್ಲ ಅಣ್ಣ. ಬರೀ ತಪ್ಪು."

ಅಂದಿನಿಂದ ನಮ್ಮ ಪಠ್ಯಗಳನ್ನು ಒಯ್ದು ಓದಿ ಸ್ವಂತ ಉತ್ತರ ತಯಾರಿಸಿ, ಅದನ್ನೇ ಎಲ್ಲರಿಗೂ ಬರೆದುಕೊಡತೊಡಗಿದಳು. ದುಡಿಯುವ ಹೆಂಗಸಿನ ಮನೆಯಲ್ಲಿ ಯಾರ ಕೆಲಸ ಎಷ್ಟು ಬದಲಾಗುತ್ತದೆ ಎಂಬ ಪ್ರಶ್ನೆಗೆ ಅವಳ ಉತ್ತರವನ್ನು ನಾನು ಎರಡೆರಡು ಸಲ ಓದಿದ್ದೆ. ಮೌಲ್ಯಮಾಪಕ ಮಹಾಶಯರು ಮಾತ್ರ ಪುಟ ಎಣಿಸಿ ಎಲ್ಲರಿಗೂ ಒಂದೇ ಅಂಕ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಪ್ರಶ್ನೆಗಳೂ ಅಷ್ಟೇ, ಹನ್ನೊಂದು ವರ್ಷದಿಂದ ಅವೇ.

ನಲವತ್ತು ದಾಟಿದ ಮೇಲೆ ಅವಳೂ ನಮ್ಮಲ್ಲಿ ಪದವಿಗೆ ಸೇರಿದಳು. ಊರ ಗ್ರಂಥಾಲಯದಲ್ಲಿ ಒಂದು ಕೆಲಸ ಮೂರ್ನಾಲ್ಕು ವರ್ಷದಲ್ಲಿ ಖಾಲಿಯಾಗುವುದಿತ್ತು, ಅದಕ್ಕೆ ಪದವಿ ಬೇಕಿತ್ತು. ಕೊನೆಯ ವರ್ಷದ ಉತ್ತರಗಳನ್ನು ತಂದಾಗ, "ಹಳೇದನ್ನ ಸ್ವಲ್ಪ ತಿರುಗಿಸಿ ಬರಿಯಮ್ಮ" ಎಂದೆ.

"ಚೆನ್ನಾಗಿರೋದನ್ನ ಯಾಕೆ ಕೆಡಿಸ್ಲಿ? ನಂದೇ ತಾನೆ?"

ಅದೇ ವರ್ಷ ವಿಶ್ವವಿದ್ಯಾಲಯಕ್ಕೆ ಗುಣಮಟ್ಟದ ಜ್ಞಾನೋದಯವಾಯಿತು. ಹಳೆಯ ಉತ್ತರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ನಕಲು ಹುಡುಕಿಸಿದರು. ಅವಳ ಉತ್ತರಗಳು ಅರವತ್ತಮೂರು ಜನರ ಉತ್ತರಗಳನ್ನು ಹೋಲುತ್ತಿದ್ದವು. ಪಾಸಾಗಿ ಹೋದವರನ್ನು ಕೆದಕುವುದು ಯಾರಿಗೆ ಬೇಕು? ಸಿಕ್ಕಿಬಿದ್ದವಳು ಇವಳು.

ವಿಚಾರಣೆಯೂ ಆನ್‌ಲೈನೇ. ಪರದೆಯ ಮೇಲೆ ಮೂರು ಮುಖ. ಅದರಲ್ಲೊಬ್ಬರು ತಿಂಡಿ ತಿನ್ನುತ್ತಿದ್ದರು. ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದಳು. ನಾನು ಕ್ಯಾಮೆರಾಗೆ ಕಾಣದಂತೆ ಪಕ್ಕದಲ್ಲಿ ಕೂತಿದ್ದೆ.

"ಯಾರದ್ದು ನೋಡಿ ಬರೆದ್ರಿ ಅಮ್ಮ?"

"ಯಾರದ್ದೂ ಅಲ್ಲ ಸಾರ್. ನಾನೇ ಬರೆದದ್ದು."

"ಹಾಗಾದ್ರೆ ಈ ಅರವತ್ತಮೂರು ಜನ? ಎಲ್ಲರನ್ನೂ ಕರೆಸಿ ತನಿಖೆ ಮಾಡೋಣ್ವೇ?"

ಅವಳ ಮುಖ ಬಿಳಿಚಿಕೊಂಡಿತು. ಆ ಪಟ್ಟಿಯಲ್ಲಿ ಅವಳ ತಂಗಿಯೂ ಇದ್ದಳು, ಅದೇ ಪದವಿಯಿಂದ ಶಾಲೆಯಲ್ಲಿ ಟೀಚರ್ ಆಗಿದ್ದಳು. ಅಕ್ಷರದಕ್ಕ ಓರೆಗಣ್ಣಿನಿಂದ ನನ್ನನ್ನು ನೋಡಿದಳು. ಅವರನ್ನೆಲ್ಲ ಅವಳ ಬಳಿಗೆ ಕಳಿಸಿದವನೇ ನಾನು ಎಂದು ನಾನೊಂದು ಮಾತು ಹೇಳಬಹುದಿತ್ತು. ನನ್ನ ನಿವೃತ್ತಿಗೆ ಎರಡೇ ವರ್ಷವಿತ್ತು. ನಾಚಿಕೆಗೇಡು, ಫೈಲಿನ ದಾರ ಕಟ್ಟುತ್ತ ಕೂತೆ.

"ಬೇಡ ಸಾರ್. ನಾನೇ ನಕಲು ಮಾಡ್ದೆ" ಎಂದಳು.

ಮೂವರಿಗೂ ನಿರಾಳವಾಯಿತು. ಮೂರು ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದರು. ಗ್ರಂಥಾಲಯದ ಕೆಲಸ ಅಷ್ಟರಲ್ಲಿ ಯಾರದೋ ಪಾಲಾಗಿರುತ್ತದೆ. ಅವಳು ಏಳಲಿಲ್ಲ.

"ಒಂದು ಕೇಳ್ಲಾ ಸಾರ್? ಆ ಉತ್ತರ ಹೇಗಿತ್ತು? ಓದಿದ್ರಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡುವಂತೆ ಅತ್ತಿತ್ತ ಕಣ್ಣು ಹಾಯಿಸಿದರು.

"ಅದು ಇವತ್ತಿನ ವಿಷಯ ಅಲ್ಲಮ್ಮ" ಎಂದರು ಒಬ್ಬರು. ಪರದೆ ಕಪ್ಪಾಯಿತು.

ತಪ್ಪೊಪ್ಪಿಗೆಯ ಹಾಳೆಯನ್ನು ನಾನೇ ಪ್ರಿಂಟ್ ತೆಗೆದೆ. ಅವಳು ನಿಧಾನವಾಗಿ, ತನ್ನ ಸ್ವಂತ ಬರವಣಿಗೆಯಲ್ಲಿ ಸಹಿ ಮಾಡಿದಳು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿ, "ಇಲ್ಲಿ ನಿಮ್ದು ಅಣ್ಣ" ಎಂದಳು.

'ಸಾಕ್ಷಿ' ಎಂದಿದ್ದ ಕಡೆ ನಾನು ಸಹಿ ಹಾಕಿದೆ.