ವೆಂಕಟರವಣಪ್ಪನ ಅಟ್ಟದ ವ್ಯಾನು

ವೆಂಕಟರವಣಪ್ಪ ಒಂದೇ ಊರಲ್ಲಿ ಮೂರು ದಿನ ನಿಂತರೆ ನಾಲ್ಕನೆಯ ದಿನ ಅವನ ಅಂಗಾಲು ಉರಿಯತೊಡಗುತ್ತಿತ್ತು. ಶಿಡ್ಲಘಟ್ಟಕ್ಕೆ ಎರಡು ಮೈಲಿ ದೂರದ ಹಳ್ಳಿಯಲ್ಲಿ ಅವನ ಪಾಲಿಗೆ ಹಿಪ್ಪುನೇರಳೆ ತೋಟವಿತ್ತು, ಬಾವಿಯಿತ್ತು, ಬೇಸಾಯ ನೋಡಿಕೊಳ್ಳಲು ಅಣ್ಣ ಆವಲಪ್ಪನಿದ್ದ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿಲಿಟರಿಯ ಮೋಟಾರು ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ಕಳೆದು ಬಂದ ಈ ತಮ್ಮ ಬದುವಿನ ಮೇಲೆ ಕೂತರೂ ಕಣ್ಣು ಮಾತ್ರ ರಸ್ತೆಯ ಕಡೆಗೇ ಇರುತ್ತಿತ್ತು.

ಅವನ ಅದೃಷ್ಟಕ್ಕೆ, ಐವತ್ತೈದು ಐವತ್ತಾರನೆಯ ಇಸವಿಯ ಹೊತ್ತಿಗೆ ಬಾವಿಗಳಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆಯುವುದು ಕಡಿಮೆಯಾಗಿ ಆಯಿಲ್ ಇಂಜಿನ್ನುಗಳು ಬರತೊಡಗಿದವು. ಇಂಜಿನ್ನು ಕೊಂಡವರೆಲ್ಲ ರೈತರು. ಅದು ಕೆಮ್ಮಿದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ‘ವೆಂಕಟರವಣಪ್ಪನ್ನ ಕರೀರಿ’ ಎಂಬ ಮಾತು ಹಬ್ಬಿತು. ಅವನು ಹರಾಜಿನಲ್ಲಿ ಒಂದು ಹಳೆಯ ವ್ಯಾನು ಹಿಡಿದು, ಅದರ ಹೊಟ್ಟೆಯ ತುಂಬ ಸಾಮಾನು ತುಂಬಿಕೊಂಡು ತಿರುಗಾಟಕ್ಕೆ ಬಿದ್ದ.

ಕಷ್ಟವಿದ್ದದ್ದು ತಂಗುವುದರಲ್ಲಿ. ಇಂಜಿನ್ನು ಬಿಚ್ಚಿದರೆ ಎರಡು ಮೂರು ದಿನದ ಕೆಲಸ. ಬಾವಿಗಳು ಊರಿಂದ ದೂರ. ಬಿಚ್ಚಿಟ್ಟ ಭಾಗಗಳನ್ನು ಬಿಟ್ಟು ಹೋಗುವಂತಿಲ್ಲ, ಗಾಳಿಗೆ ಮಣ್ಣು ಬಿದ್ದರೆ ಮಾಡಿದ್ದೆಲ್ಲ ಹಾಳು. ವ್ಯಾನಿನ ಒಳಗೆ ಕಾಲು ಚಾಚಲು ಜಾಗವಿಲ್ಲ. ಮುರುಗಮಲ್ಲದ ಹತ್ತಿರ ವ್ಯಾನಿನ ಕೆಳಗೆ ಮಲಗಿದ್ದಾಗ ಚೇಳು ಕುಟುಕಿ ಒಂದು ಹಗಲೆಲ್ಲ ಹೊರಳಾಡಿದ ಮೇಲೆ, ಅವನ ತಲೆಗೆ ಒಂದು ಹುಳ ಹೊಕ್ಕಿತು: ಕೆಳಗೆ ಜಾಗವಿಲ್ಲದಿದ್ದರೆ ಮೇಲಿದೆಯಲ್ಲ!

ಐವತ್ತೊಂಬತ್ತರ ಬೇಸಗೆಯಲ್ಲಿ ಅವನು ವ್ಯಾನಿನ ನೆತ್ತಿಯ ಮೇಲೆ ಹಲಗೆಯ ಅಟ್ಟ ಕಟ್ಟಿದ. ಅದರ ಮೇಲೆ ಬಾಗಿಸಿದ ಕಬ್ಬಿಣದ ಕಮಾನು ಮೂರು. ಚಿಂತಾಮಣಿಯಲ್ಲಿ ಡೇರೆ ಹೊಲಿಯುವವರಿಂದ ದಪ್ಪ ಕ್ಯಾನ್ವಾಸು ಹೊಲಿಸಿ ತಂದ. ಅದರಲ್ಲೇ ಅವನ ಜಾಣತನವಿದ್ದದ್ದು. ಕತ್ತಲಾದರೆ ಆ ಕ್ಯಾನ್ವಾಸು ಕಮಾನಿನ ಮೇಲೆ ಹೊದ್ದುಕೊಂಡು ಮಲಗುವ ಡೇರೆ. ಬೆಳಗಾದರೆ ಅದನ್ನೇ ಪಕ್ಕಕ್ಕೆ ಎಳೆದು ಎರಡು ಗಳ ನೆಟ್ಟು ಹಗ್ಗ ಬಿಗಿದರೆ, ಬಿಚ್ಚಿದ ಇಂಜಿನ್ನಿಗೆ ಚಪ್ಪರ. ಒಂದು ಬಟ್ಟೆ, ಎರಡು ಕೆಲಸ.

ಹೆಂಡತಿ ಅಮ್ಮಾಜಮ್ಮ ಅಂಗಳಕ್ಕೆ ಬಂದು ಸುತ್ತ ನೋಡಿದಳು. ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಿರಲಿಲ್ಲ, ಗಂಡ ಯಾವ ಊರಲ್ಲಿದ್ದಾನೆಂದು ಬಸ್ಸಿನಿಂದ ಇಳಿದವರನ್ನು ಕೇಳಿ ತಿಳಿಯಬೇಕಾದ ಬಾಳು ಅವಳಿಗೆ ಸಾಕಾಗಿತ್ತು.

“ಇಬ್ಬರು ಮಲಗಬೋದಾ ಇದ್ರಲ್ಲಿ?” ಎಂದಳು.

“ಮಲಗಬೋದು.”

“ಹಂಗಾದ್ರೆ ನಾನೂ ಬರ್ತೀನಿ.” ಸೆರಗು ಸಿಕ್ಕಿಸಿ ಏಣಿ ಹತ್ತಿಯೇಬಿಟ್ಟಳು. ಮೇಲೆ ಹೋಗಿ ಒಂದು ಸಲ ಹೊರಳಿ ನೋಡಿ, ಅಲ್ಲಿಂದಲೇ ಹೇಳಿದಳು: “ಚೇಳು ಹತ್ತಲ್ಲ, ನಿಜ. ಆದ್ರೆ ಮಗ್ಗುಲು ಬದಲಾಯಿಸಿದ್ರೆ ಗಾಡಿನೇ ತೂಗಾಡ್ತೈತೆ. ಮತ್ತೆ ಈ ಏಣಿ ನೋಡಿ, ಹಿಂದಿನ ಬಾಗಿಲಿಗೆ ಅಡ್ಡ ನಿಂತೈತೆ. ಬಾಗಿಲು ತೆಗೀಬೇಕಾದ್ರೆ?”

“ಏಣಿ ತೆಗೆದ್ರಾಯ್ತು.”

“ಹೂಂ, ತೆಗೆದ್ರಾಯ್ತು,” ಎಂದು ಅವಳು ಇಳಿದಳು.

ಎರಡು ವರ್ಷ ಗಂಡ ಹೆಂಡತಿ ಹಾಗೆಯೇ ತಿರುಗಿದರು. ಕೈವಾರದ ಕಡೆ ಜನ ಅದಕ್ಕೆ ಅಟ್ಟದ ವ್ಯಾನು ಎಂದು ಹೆಸರಿಟ್ಟರು. ಹುಣಿಸೆಮರದ ಸಾಲು ಬಂದರೆ ಅಮ್ಮಾಜಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೊಂಬೆ ಎಷ್ಟು ಎತ್ತರವಿದೆಯೆಂದು ಕೂಗಬೇಕು. ಆಷಾಢದ ಗಾಳಿಯಲ್ಲಿ ಕ್ಯಾನ್ವಾಸು ಪಟಪಟ ಬಡಿದು ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಾಘದಲ್ಲಿ ಇಬ್ಬನಿ ಬಿದ್ದರೆ ಬಟ್ಟೆ ಒದ್ದೆ; ಒದ್ದೆ ಬಟ್ಟೆಯನ್ನು ಮಡಿಸುವಂತಿಲ್ಲ, ಒಣಗುವ ತನಕ ಹೊರಡುವಂತಿಲ್ಲ. ಹೊರಡಲಾಗದೆ ನಿಂತ ಅಂಥ ಬೆಳಗುಗಳಲ್ಲಿ ವೆಂಕಟರವಣಪ್ಪ ವ್ಯಾನಿನ ಸುತ್ತ ಸುತ್ತುತ್ತಿದ್ದ. ಅಟ್ಟ ಕಳಚಿಬಿಡಲೇ ಎನ್ನುವನು. ಮಧ್ಯಾಹ್ನ ಚಪ್ಪರದ ನೆರಳಲ್ಲಿ ಕೂತು ಪಿಸ್ಟನ್ನು ಒರೆಸುವಾಗ, ಇದಿಲ್ಲದಿದ್ದರೆ ಸುಟ್ಟುಹೋಗುತ್ತಿದ್ದೆ ಎನ್ನುವನು.

ಅರವತ್ತೊಂದರ ಫಾಲ್ಗುಣದಲ್ಲಿ ಅವರು ಗೌರಿಬಿದನೂರು ತಾಲ್ಲೂಕಿನಲ್ಲಿ, ಅಲೀಪುರದಿಂದ ಸ್ವಲ್ಪ ಆಚೆ, ಮುದ್ದಪ್ಪ ಎಂಬ ರೈತನ ಬಾವಿಯ ಹತ್ತಿರ ಬಿಡಾರ ಹೂಡಿದ್ದರು. ಮುದ್ದಪ್ಪ ಐವತ್ತು ದಾಟಿದ ಗಟ್ಟಿ ಮನುಷ್ಯ. ಮೊದಲ ದಿನ ವ್ಯಾನನ್ನು ಕಂಡು “ಏಮಪ್ಪಾ, ಮನೇನೇ ಮೇಲೆ ಹೊತ್ಕೊಂಡು ಬಂದಿದ್ದೀಯಲ್ಲಾ!” ಎಂದು ನಕ್ಕಿದ್ದ. ಎರಡನೆಯ ದಿನ ನಡು ಮಧ್ಯಾಹ್ನ. ಇಂಜಿನ್ನು ಪೂರ್ತಿ ಬಿಚ್ಚಿ ಚಪ್ಪರದ ಕೆಳಗೆ ಹರಡಿತ್ತು. ಚಪ್ಪರದ ಎಂಟು ಹಗ್ಗಗಳು ಹೊಂಗೆಮರಕ್ಕೂ ಗೂಟಗಳಿಗೂ ಬಿಗಿದಿದ್ದವು. ಏಣಿ ಹಿಂದಿನ ಬಾಗಿಲಿಗೆ ಒರಗಿತ್ತು.

ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಕಟ್ಟಿದೆಯೇನೋ ನೋಡುತ್ತೇನೆಂದು ಮುದ್ದಪ್ಪ ಬಾವಿಯ ಮೆಟ್ಟಿಲಿಳಿದ. ಸ್ವಲ್ಪ ಹೊತ್ತಿಗೆ ದಪ್ಪನೆಯ ಸದ್ದು, ಆಮೇಲೆ ಒಂದು ಕೂಗು. ಪಾಚಿಯ ಮೇಲೆ ಕಾಲು ಜಾರಿ ಅವನು ಬಂಡೆಯ ಮೇಲೆ ಬಿದ್ದಿದ್ದ. ಮಗ ಜಯರಾಮಪ್ಪ ಮತ್ತು ಇಬ್ಬರು ಆಳುಗಳು ಹೊತ್ತು ಮೇಲೆ ತಂದಾಗ ತೊಡೆ ಮುರಿದು ಮೂಳೆ ಹೊರಗೆ ಕಾಣುತ್ತಿತ್ತು. ರಕ್ತ ಬಳಬಳ ಹರಿಯುತ್ತಿತ್ತು.

“ಗಾಡಿ ತೆಗೀ ಅಣ್ಣ! ಗೌರಿಬಿದನೂರಿಗೆ ಹೋಗಣ!” ಜಯರಾಮಪ್ಪ ತನ್ನ ಪಂಚೆ ಹರಿದು ತಂದೆಯ ಕಾಲಿಗೆ ಸುತ್ತುತ್ತ ಕೂಗಿದ.

ವೆಂಕಟರವಣಪ್ಪ ಓಡಿದ. ಓಡಿ, ಮೊದಲನೆಯ ಹಗ್ಗದ ಮುಂದೆ ಕುಕ್ಕರಗಾಲಲ್ಲಿ ಕೂತು ಗಂಟು ಬಿಚ್ಚತೊಡಗಿದ. ಗಾಳಿಗೆ ಜಗ್ಗಿ ಜಗ್ಗಿ ಗಂಟು ಕಲ್ಲಾಗಿತ್ತು. ಉಗುರು ಹಾಕಿ ಎಳೆದ, ಹಲ್ಲು ಹಾಕಿದ, ಬಿಚ್ಚಿದ. ಎರಡನೆಯ ಗಂಟಿಗೆ ಹೋದ. ಒಮ್ಮೆಲೇ ಜಗ್ಗಿದರೆ ಹೊಲಿಗೆ ಹರಿಯುತ್ತದೆ, ಒಂದು ಕಡೆಯಿಂದ ಬರಬೇಕು. ಅವನ ತಲೆಯಲ್ಲಿ ಆಗ ಇದ್ದದ್ದು ಇಷ್ಟೇ. ಹಿಂದೆ ಮುದ್ದಪ್ಪ ನರಳುತ್ತಿದ್ದ. ಅದು ಕೇಳುತ್ತಲೂ ಇತ್ತು. ಅವನು ಮೂರನೆಯ ಗಂಟಿಗೆ ಕೈಹಾಕಿದ.

ಆಗ ಪಕ್ಕದಲ್ಲಿ ಟಪ್ಪೆಂದು ಸದ್ದಾಯಿತು. ಅಮ್ಮಾಜಮ್ಮ ಹುಲ್ಲು ಕೊಯ್ಯುತ್ತಿದ್ದ ಹೆಂಗಸಿನ ಕೈಯಿಂದ ಕುಡುಗೋಲು ಕಿತ್ತುಕೊಂಡು ಬಂದಿದ್ದಳು. ಟಪ್, ಟಪ್, ಟಪ್. ಉಳಿದ ಹಗ್ಗಗಳೆಲ್ಲ ಹೋದವು. ಚಪ್ಪರ ಇಂಜಿನ್ನಿನ ಮೇಲೆ, ಎಣ್ಣೆಯ ಮೇಲೆ, ಮಣ್ಣಿನ ಮೇಲೆ ಕುಸಿಯಿತು. ಅಟ್ಟಕ್ಕೆ ಸಿಕ್ಕಿದ್ದ ಅಂಚನ್ನು ಅವಳು ಎಳೆದು ಕೊಯ್ದಳು. ಏಣಿಯನ್ನು ಕಾಲಿಂದ ಒದ್ದು ಬೀಳಿಸಿ ಬಾಗಿಲು ತೆಗೆದಳು.

“ಹತ್ತಿ!” ಎಂದಳು. ಸಾಮಾನನ್ನು ಒತ್ತಟ್ಟಿಗೆ ತಳ್ಳಿ ಮುದ್ದಪ್ಪನನ್ನು ಒಳಗೆ ಮಲಗಿಸಿದರು.

ದಾರಿಯಲ್ಲಿ ಹುಣಿಸೆಕೊಂಬೆ ತಾಗಿ ಕಮಾನೊಂದು ಮುರಿದು ಬಿತ್ತು. ವೆಂಕಟರವಣಪ್ಪ ತಿರುಗಿ ನೋಡಲಿಲ್ಲ. ಗೌರಿಬಿದನೂರಿನ ಡಾಕ್ಟರು ರಕ್ತ ನಿಲ್ಲಿಸಿ, ಮೂಳೆ ಕೂಡಿಸಲು ಬೆಂಗಳೂರಿಗೆ ಕಳಿಸಿದರು. “ಸರಿಯಾದ ಹೊತ್ತಿಗೆ ತಂದ್ರಿ,” ಎಂದು ಡಾಕ್ಟರು ಅವನ ಬೆನ್ನು ತಟ್ಟಿದಾಗ ಅವನಿಗೆ ಬೆನ್ನಿಗೆ ಬರೆ ಎಳೆದಂತಾಯಿತು.

ಮುದ್ದಪ್ಪ ಉಳಿದ. ಒಂದು ಕಾಲು ಗಿಡ್ಡವಾಯಿತು, ಅಷ್ಟೇ. ಆದರೆ ವೆಂಕಟರವಣಪ್ಪನಿಗೆ ನೆಮ್ಮದಿ ಹೋಯಿತು. ಮುದ್ದಪ್ಪನ ಇಂಜಿನ್ನನ್ನು ತೊಳೆದು ಜೋಡಿಸಿಟ್ಟು ಊರಿಗೆ ಬಂದವನು ಕ್ಯಾನ್ವಾಸಿಗೆ ತೇಪೆ ಹಾಕಿಸಿದ. ಹಗ್ಗದ ಬದಲು ಒಂದೇಟಿಗೆ ಕಳಚುವ ಕೊಕ್ಕೆ ಮಾಡಿಸಿದ. ಏಣಿಯನ್ನು ಪಕ್ಕಕ್ಕೆ ಸರಿಸಿದ. ಕಣದಲ್ಲಿ ವ್ಯಾನು ನಿಲ್ಲಿಸಿ, ಹೆಂಡತಿಯ ಕೈಗೆ ಗಡಿಯಾರ ಕೊಟ್ಟು, ಡೇರೆ ಕಟ್ಟುವುದು, ಕಳಚುವುದು, ಕಟ್ಟುವುದು, ಕಳಚುವುದು. ಮೊದಲು ಮುಕ್ಕಾಲು ಗಂಟೆ ಹಿಡಿಯುತ್ತಿದ್ದದ್ದು ಹತ್ತು ನಿಮಿಷಕ್ಕೆ ಬಂತು, ಆಮೇಲೆ ನಾಲ್ಕಕ್ಕೆ. ಆವಲಪ್ಪ ಬದುವಿನಿಂದ ನೋಡಿ, “ತಮ್ಮನಿಗೆ ಏನೋ ಹಿಡಿದೈತೆ,” ಎಂದು ಗೊಣಗಿದ.

ವಾರದ ಮೇಲೆ ಅಮ್ಮಾಜಮ್ಮ ಗಡಿಯಾರವನ್ನು ವ್ಯಾನಿನ ಮೂತಿಯ ಮೇಲಿಟ್ಟಳು. “ನಾಲ್ಕು ನಿಮಿಷಾನ ಇನ್ನೆಲ್ಲಿಗೆ ಇಳಿಸ್ತೀರಾ? ಸೊನ್ನೆಗಾ?”

ಅವನು ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತ. “ನಾನು ಗಂಟು ಬಿಚ್ತಿದ್ದೆ ಕಣೇ. ಆವಪ್ಪ ಅಲ್ಲಿ ನರಳ್ತಾವ್ನೆ, ನಾನಿಲ್ಲಿ ಬಟ್ಟೆ ಹರೀಬಾರದು ಅಂತ ಗಂಟು ಬಿಚ್ತಿದ್ದೆ.”

“ನೋಡ್ದೆ. ಅದಕ್ಕೇ ಕುಡುಗೋಲು ತಂದಿದ್ದು.”

“ಇನ್ಯಾರು ನೋಡಿದ್ರು?”

“ಯಾರೂ ನೋಡಲಿಲ್ಲ. ಆದ್ರೂ ನಿಮ್ಮನ್ನ ಅದು ಬಿಡಲ್ಲ. ಹೋಗಿ ಆವಪ್ಪನಿಗೇ ಹೇಳ್ಬಿಡಿ.”

ಮೂರು ತಿಂಗಳಿಗೆ ಮುದ್ದಪ್ಪ ಬೆಂಗಳೂರಿನಿಂದ ಮನೆಗೆ ಬಂದ ಮಾರನೆಯ ದಿನವೇ ಅವನು ಹೋದ. ಮುದ್ದಪ್ಪ ಜಗಲಿಯ ಮೇಲೆ ಕಾಲು ನೀಡಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದ. ವೆಂಕಟರವಣಪ್ಪ ನಿಂತೇ ಎಲ್ಲವನ್ನೂ ಹೇಳಿದ. ಮುದ್ದಪ್ಪ ಸಿಪ್ಪೆಗಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದ.

“ಹೇಳ್ದೆ ಹೋಗಿದ್ರೆ ನನಗೆ ತಿಳೀತಿರಲಿಲ್ಲ,” ಎಂದ ಕೊನೆಗೆ. “ಈಗ ತಿಳೀತು. ಸ್ವಲ್ಪ ಕೋಪಾನೂ ಬರ್ತೈತೆ ಕಣಪ್ಪ, ಸುಳ್ಳು ಹೇಳಲ್ಲ. ಆದ್ರೆ ಜಾರಿದ್ದು ನನ್ನ ಬಾವಿ ಪಾಚಿ, ನಿನ್ನ ಗಂಟಲ್ಲ. ಕೂತ್ಕೋ.” ಆಮೇಲೆ ಅವನೇ ಕೇಳಿದ: “ಆ ಚಪ್ಪರ ಇಟ್ಟಿದ್ದೀಯಾ? ಇಡು. ಬಿಸಿಲಲ್ಲಿ ಇಂಜಿನ್ ಬಿಚ್ಚೋನಿಗೆ ನೆರಳು ಬೇಕು. ಗಾಡಿಗೆ ಯಾತಕ್ಕೆ ಕಟ್ತೀಯಾ ಅದನ್ನ? ಎತ್ತನ್ನ ಗೂಟಕ್ಕೆ ಕಟ್ತಾರೆ, ಗೂಟಾನ ಎತ್ತಿಗೆ ಕಟ್ತಾರೇನಪ್ಪಾ?”

ಹಿಂದಿರುಗುವ ದಾರಿಯಲ್ಲಿ ವೆಂಕಟರವಣಪ್ಪ ಎರಡು ಸಲ ವ್ಯಾನು ನಿಲ್ಲಿಸಿ ಇಳಿದು ಅಟ್ಟವನ್ನು ನೋಡಿದ. ಮನೆಗೆ ಬಂದವನೇ ಹಲಗೆಗಳನ್ನು ಕಳಚಿ ಹಾಕಿದ. ಚಪ್ಪರಕ್ಕೆ ಅದರದೇ ನಾಲ್ಕು ಗಳ ಮಾಡಿದ; ಅದು ವ್ಯಾನಿನ ಹಂಗಿಲ್ಲದೆ ನೆಲದ ಮೇಲೆ ನಿಂತಿತು. ಸಾಮಾನುಗಳನ್ನು ಹಲಗೆಯ ಪೆಟ್ಟಿಗೆಗಳಿಗೆ ತುಂಬಿ, ಪೆಟ್ಟಿಗೆಗಳ ಮೇಲೆಯೇ ಹಾಸಿಗೆ ಹಾಕಿ ವ್ಯಾನಿನ ಒಳಗೆ ಮಲಗುವಂತಾಯಿತು. ಸೆಕೆ ಸೆಕೆಯೇ. ಆದರೆ ಯಾರಾದರೂ ಕೂಗಿದರೆ ಕೀಲಿ ತಿರುಗಿಸಿ ಹೊರಡಬಹುದು.

ಅರವತ್ನಾಲ್ಕರ ಸುಮಾರಿಗೆ ಹೊಲಗಳಿಗೆ ಕರೆಂಟು ಕಂಬ ಬಂದವು. ಆಯಿಲ್ ಇಂಜಿನ್ನು ಹಿಂದೆ ಸರಿದು ಕರೆಂಟಿನ ಮೋಟಾರು ಬಂತು. ಚಿಕ್ಕಬಳ್ಳಾಪುರದಲ್ಲಿ ಗಂಡ ಹೆಂಡತಿ ಒಂದು ಸಣ್ಣ ಮಳಿಗೆ ಹಿಡಿದರು. ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವುದನ್ನು ವೆಂಕಟರವಣಪ್ಪ ಕಲಿತ; ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಮ್ಮಾಜಮ್ಮ ಅವನಿಗಿಂತ ಚೆನ್ನಾಗಿ ಕಲಿತಳು. ಸುತ್ತು ಎಣಿಸಲು ತಾಳ್ಮೆ ಬೇಕು, ಅವನಿಗೆ ಐವತ್ತು ಸುತ್ತಾಗುವಷ್ಟರಲ್ಲಿ ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿ ಲೆಕ್ಕ ತಪ್ಪುತ್ತಿತ್ತು. ಮಧ್ಯಾಹ್ನದವರೆಗೆ ಹೇಗೋ ಕೂರುತ್ತಿದ್ದ. ಊಟವಾದ ಮೇಲೆ ವ್ಯಾನಿನ ಸದ್ದು ಕೇಳುತ್ತಿತ್ತು.

ಮೋಟಾರು ಹೊತ್ತು ಬಂದ ರೈತರು ಬಾಗಿಲಲ್ಲಿ ನಿಂತು ಒಳಗೆ ಇಣುಕಿ, “ಅವರಿಲ್ವೇನಮ್ಮ?” ಎಂದು ಕೇಳುತ್ತಿದ್ದರು.

“ಚಿಂತಾಮಣಿ ಕಡೆ ಹೋಗವ್ರೆ,” ಎನ್ನುತ್ತಿದ್ದಳು ಅಮ್ಮಾಜಮ್ಮ, ತಂತಿಯಿಂದ ಕಣ್ಣು ತೆಗೆಯದೆ. “ಅಲ್ಲಿಡಿ. ಸುತ್ತೋದು ನಾನೇ.”