ಉಂಗುರ ತೆಗೆದೆ, ಬಳೆ ತೆಗೆಯಲಿಲ್ಲ

ಮೊದಲು ಅದು ಮುಳ್ಳು ಅಂದುಕೊಂಡೆ.

ಹೀಗೆ ಬರೆದ ಕೂಡಲೇ ಅನುಮಾನ. ನಿಜವಾಗಿ ಹಾಗೆ ಅಂದುಕೊಂಡೆನೋ, ಕೇಳಿದವರಿಗೆಲ್ಲ ಹೇಳಿ ಹೇಳಿ ಹಾಗಾಯಿತೋ? ಗೊತ್ತಿರುವುದು ಇಷ್ಟು. ಬೆಳಿಗ್ಗೆ. ಬೆಳಕಿತ್ತು. ಭಾಂಡುಪ್‌ನ ನಮ್ಮ ಬಿಲ್ಡಿಂಗಿನ ಹಿಂದೆ, ಗುಡ್ಡದ ಕಡೆಯ ಕಂಪೌಂಡ್ ಗೋಡೆಯ ಬುಡದಲ್ಲಿ ಕೂತು ಪಾರಿಜಾತ ಆರಿಸುತ್ತಿದ್ದೆ. ನೆಲಕ್ಕೆ ಬಿದ್ದರೂ ದೇವರಿಗೆ ನಡೆಯುವ ಹೂವು ಅದೊಂದೇ. ಒಣ ಎಲೆಗಳೊಳಗೆ ಕೈ ಹಾಕಿದೆ. ಬಲಗೈ ನಡುಬೆರಳಿನ ಬುಡಕ್ಕೆ ಕೆಂಡ ಇಟ್ಟ ಹಾಗಾಯಿತು. ಎಲೆಗಳು ಸರಿದವು. ಕಂದು ಮೈ, ಸರಪಳಿಯಂಥ ಕಪ್ಪು ಮಚ್ಚೆ. ಕುಕ್ಕರ್ ಸೀಟಿ ಹೊಡೆಯುವ ಮುಂಚಿನ ಸದ್ದು.

ಕೊಳಕುಮಂಡಲ.

ನನಗೆ ಎಲ್ಲ ಗೊತ್ತಿತ್ತು. ಮಳೆ ಶುರುವಾದಾಗ ಸೊಸೈಟಿಯ ವಾಟ್ಸಪ್ ಗ್ರೂಪಿಗೆ ಒಂದು ಸಂದೇಶ ಬಂದಿತ್ತು. ನಾನೇ ಅದನ್ನು ಧಾರವಾಡದ ನಮ್ಮವರಿಗೆಲ್ಲ ಫಾರ್ವರ್ಡ್ ಮಾಡಿದ್ದೆ. ಓಡಬೇಡಿ. ಬಿಗಿದು ಕಟ್ಟಬೇಡಿ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಹಾವಿನ ಬೆನ್ನು ಹತ್ತಬೇಡಿ. ಉಂಗುರ, ವಾಚು ತೆಗೆಯಿರಿ. ಕಚ್ಚಿದ ಭಾಗ ಅಲ್ಲಾಡದಂತೆ ಇಟ್ಟುಕೊಂಡು ಆಂಟಿವೆನಮ್ ಇರುವ ಆಸ್ಪತ್ರೆಗೆ ಹೋಗಿ.

ನನ್ನ ಕೂಗು ಕೇಳಿ ನೆಲಮಹಡಿಯ ಪಾಟೀಲ ಕಾಕು ಓಡಿ ಬಂದರು. ಬೆಳಗಾವಿಯವರು. ಬಂದವರೇ ನನ್ನ ದುಪಟ್ಟಾ ಎಳೆದು ಹಗ್ಗದಂತೆ ತಿರುಚತೊಡಗಿದರು.

"ಕಟ್ಟಬ್ಯಾಡ್ರಿ ಕಾಕು."

"ಹಂಗಾರ ವಿಷ ಏರೂದಿಲ್ಲೇನ?"

"ಬಿಗದು ಕಟ್ಟಿದ್ರ ಕೈನ ಹೋಗ್ತೈತ್ರಿ."

"ದೊಡ್ಡ ಮೊಬೈಲ್ ಡಾಕ್ಟರ್ ನೀ!" ಅಂದರು, ಆದರೆ ಕಟ್ಟಲಿಲ್ಲ.

ಉಂಗುರ ನಾನೇ ತೆಗೆದೆ. ಆಮೇಲೆ ಇಬ್ಬರ ಕಣ್ಣೂ ಬಳೆಗಳ ಮೇಲೆ ಹೋಯಿತು. ಹಸಿರು ಗಾಜಿನ ಬಳೆ. ನನ್ನವರು ಹಡಗಿಗೆ ಹೊರಡುವ ಮುಂಚೆ ಬಳೆಗಾರ ಸಾಬೂನು ಹಚ್ಚಿ, ಕೈ ಹಿಚುಕಿ ತೊಡಿಸಿದ್ದು. ಅವರು ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತಾರೆ. ಆ ಬೆಳಿಗ್ಗೆ ನಡು ಸಮುದ್ರದಲ್ಲಿದ್ದರು. ಇನ್ನೇನನ್ನೂ ಕಾಕು ಮತ್ತು ನಾನು ಒಬ್ಬರಿಗೊಬ್ಬರು ಬಿಡಿಸಿ ಹೇಳಬೇಕಿರಲಿಲ್ಲ.

"ಇರಲಿ."

ನನ್ನ ನೆನಪಿನಲ್ಲಿ ಇದನ್ನು ಕಾಕು ಹೇಳುತ್ತಾರೆ. ಕಾಕು ಹೇಳುವುದು ಬೇರೆ: ಎಣ್ಣೆ ತರ್ತೀನಿ ಅಂದೆ, ನೀನೇ ಕೈ ಎದೆಗವಚಿಕೊಂಡು ಇರಲಿ ಅಂದಿ. ಯಾರ ನೆನಪು ನಂಬುವುದು? ಸಂದೇಶದಲ್ಲಿ ಬಳೆ ಎಂದು ಬರೆದಿರಲಿಲ್ಲ. ಬರೆದವರು ಗಂಡಸರಿರಬೇಕು. ಉಂಗುರ ನಮಗೆ ಒಡವೆ. ಹಸಿರು ಬಳೆ ಚರ್ಮದ ಹಾಗೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮನೆಯಿಂದ ಲಟ್ಟಣಿಗೆ ತಂದು ಮುಂಗೈಗೆ ಆನಿಸಿ ಕಾಕು ದುಪಟ್ಟಾವನ್ನು ಸಡಿಲವಾಗಿ ಸುತ್ತಿದರು. ರಿಕ್ಷಾದಲ್ಲಿ ಕೂತೆವು. ರಸ್ತೆ ತಗ್ಗುದಿನ್ನೆ. ಮೊದಮೊದಲು ಒಂದೊಂದು ತಗ್ಗಿಗೂ ಬಳೆ ಸದ್ದಾಗುತ್ತಿತ್ತು. ಸ್ಟೇಷನ್ ದಾಟುವ ಹೊತ್ತಿಗೆ ಸದ್ದು ನಿಂತಿತ್ತು.

ಬಳೆಗಳು ಮಾಂಸದೊಳಗೆ ಕೂತಿದ್ದವು.

ಕ್ಯಾಷುವಾಲ್ಟಿಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಉಂಗುರ ತೆಗೆದವರು ಬಳೆ ಯಾಕೆ ತೆಗೆಯಲಿಲ್ಲ ಅಂತ ಹಿಂದಿಯಲ್ಲಿ ಗದರಿದರು. ಗಂಡ ಹಡಗಿನಲ್ಲಿದ್ದಾರೆ ಎಂದು ಕಾಕು ದನಿ ತಗ್ಗಿಸಿ ಹೇಳಿದರು.

"ಸಾಂಪ್ ನೇ ಉನಕೋ ನಹೀಂ ಕಾಟಾ, ಆಂಟಿ. ಇನಕೋ ಕಾಟಾ ಹೈ." ಹಾವು ಕಚ್ಚಿದ್ದು ಗಂಡನಿಗಲ್ಲ, ಇವರಿಗೆ, ಅಂತ.

ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಮೇಲೆ ಬಾಗಿಸಿದಾಗ ನೀರಿನ ಹಾಗೆ ಹರಿಯಿತು. ಹೆಪ್ಪುಗಟ್ಟುತ್ತಿಲ್ಲ. ಮನೆಯಲ್ಲಿ ಎಣ್ಣೆಯಿಂದ ಜಾರಿಸಬಹುದಾಗಿದ್ದ ಬಳೆಗಳನ್ನು ಈಗ ಒಡೆಯಲೇಬೇಕಿತ್ತು, ಒಡೆದರೆ ಗಾಜು ತಾಗಿದಲ್ಲೆಲ್ಲ ರಕ್ತ ನಿಲ್ಲುವುದಿಲ್ಲ. ಹಾಗೇ ಬಿಟ್ಟರೆ ಕೈಗೆ ರಕ್ತವೇ ಹೋಗುವುದಿಲ್ಲ. ಡಾಕ್ಟರಮ್ಮ ಆಂಟಿವೆನಮ್ ಡ್ರಿಪ್ ಶುರು ಮಾಡಿಸಿ, ನರ್ಸ್ ಕಡೆ ನೋಡಿ ತಲೆಯಾಡಿಸಿದರು.

"ವಾಢವತೇ ಹಾಂ, ತಾಈ," ಅಂದರು ನರ್ಸ್ ಮರಾಠಿಯಲ್ಲಿ. ಒಡೆಯುತ್ತೇನೆ ಅನ್ನಲಿಲ್ಲ, ಹೆಚ್ಚಿಸುತ್ತೇನೆ ಅಂದರು. ಆ ಅವಸರದಲ್ಲೂ ಅಷ್ಟು ಮರ್ಯಾದೆ. ಇಕ್ಕಳದಲ್ಲಿ ಒಂದೊಂದನ್ನೇ ಹಿಡಿದು ಅದುಮಿದರು. ನಾನು ಗೋಡೆ ನೋಡುತ್ತಿದ್ದೆ. ಹಾವಿನ ಹಲ್ಲಿನ ಗುರುತುಗಳಿಗಿಂತ ಬಳೆಯ ಗೀರುಗಳಿಂದಲೇ ಹೆಚ್ಚು ರಕ್ತ ಹೋಯಿತು.

ಆಮೇಲೆ ನಡುಕ. ಮೈಯೆಲ್ಲ ತುರಿಕೆ. ಔಷಧಿಯದೇ ರಿಯಾಕ್ಷನ್ ಅಂದರು. ಡ್ರಿಪ್ ನಿಲ್ಲಿಸಿದರು, ಇಂಜೆಕ್ಷನ್ ಕೊಟ್ಟರು, ಮತ್ತೆ ಶುರು ಮಾಡಿದರು. ಕಾಕು ಯಾವಾಗ ಹೋದರೋ ತಿಳಿಯದು. ಮೊಮ್ಮಗಳ ಸ್ಕೂಲ್ ಬಸ್ ಬರುವ ಹೊತ್ತಾಗಿತ್ತಂತೆ.

"ಪೇಶಂಟ್ ಕೆ ಸಾಥ್ ಕೌನ್ ಹೈ?"

ಸ್ಯಾಂಪಲ್ ಒಯ್ಯುವವರು, ಔಷಧಿ ಚೀಟಿ ತರುವವರು, ಕಸ ಗುಡಿಸುವವರು, ಎಲ್ಲರೂ ಕೇಳುತ್ತಿದ್ದರು, ಪೇಶಂಟ್ ಜೊತೆ ಯಾರು ಅಂತ.

"ಮೈಂ ಹೂಂ." ನಾನೇ ಇದ್ದೇನೆ, ಅನ್ನುತ್ತಿದ್ದೆ.

ಮುಂಬೈಯಲ್ಲಿ ಒಂಟಿತನ ಎಂದರೆ ಜನ ಇಲ್ಲದಿರುವುದಲ್ಲ. ವಾರ್ಡಿನ ತುಂಬ ಜನ, ಎಲ್ಲರೂ ಬೇರೆಯವರ ಜನ. ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿಂದೆ; ಎಡಗೈ ಊಟಕ್ಕೆ ಬೈಯಲಿಕ್ಕೂ ಯಾರೂ ಇರಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಒದ್ದಾಡುತ್ತಿದ್ದಾಗ ಪಕ್ಕದ ಬೆಡ್ಡಿನ ಅಜ್ಜಿಯ ಸೊಸೆ ಎದ್ದು ಬಂದು, ತೆಗೆದುಕೊಟ್ಟು, ಹೋಗಿ ಅತ್ತೆಯ ಬೆನ್ನು ಒತ್ತತೊಡಗಿದಳು. ನನ್ನ ಮೂತ್ರ ಅಳೆದರು, ಬಣ್ಣ ನೋಡಿದರು, ಕಿಡ್ನಿಗಾಗಿ ರಕ್ತ ಒಯ್ದರು. ನನ್ನ ದೇಹದ ಬಗ್ಗೆ ಅಷ್ಟು ಜನ ಹಿಂದೆಂದೂ ವಿಚಾರಿಸಿರಲಿಲ್ಲ.

ಧಾರವಾಡದಿಂದ ಅತ್ತೆಯ ಫೋನ್ ಬಂತು.

"ಬಳಿ ತಗದ್ರಂತಲ್ಲ?"

"ಬಲಗೈಯಾನವು, ಅತ್ತಿ. ಎಡಗೈಯಾಗ ಅದಾವ್ರಿ."

"ಹಂಗಾರ ಆತು." ಅಂದರು, ಆಮೇಲೆ ಕೇಳಿದರು, "ಊಟ ಮಾಡಿದಿ?"

ಆಗ ಅಳು ಬಂತು.

ಕಿಡ್ನಿ ಉಳಿದಿದೆ. ಸದ್ಯಕ್ಕೆ ಅನ್ನುತ್ತಾರೆ. ಊತ ಇಳಿದಿದೆ. ನಡುಬೆರಳು ಮಡಚುವುದಿಲ್ಲ, ಫಿಸಿಯೋಥೆರಪಿ ನಡೆದಿದೆ, ಬಂದರೂ ಬರಬಹುದು. ಗೋಡೆಯ ಬುಡದ ಕಸವನ್ನು ಸೊಸೈಟಿಯವರು ಎತ್ತಿಸಿದರು. ಕಸಕ್ಕೆ ಇಲಿ, ಇಲಿಗೆ ಹಾವು. ಈಗ ಬೂಟು ಹಾಕಿಕೊಂಡು, ಕೋಲಿನಿಂದ ನೆಲ ಬಡಿಯುತ್ತ ಹೋಗಿ, ಬಯಲಾದ ನೆಲದ ಮೇಲೆ ಹಳೆ ಚಾದರ ಹಾಸಿ ಪಾರಿಜಾತದ ಕೊಂಬೆ ಅಲ್ಲಾಡಿಸುತ್ತೇನೆ. ಕಾಕುಗೆ ಸಮಾಧಾನವಿಲ್ಲ.

"ತಾನ ಬಿದ್ದದ್ದಲ್ಲ, ಕೆಡವಿದ್ದು. ದೇವರು ಒಪ್ಪೂದಿಲ್ಲ."

"ಒಣ ಎಲಿಯೊಳಗ ದೇವರು ತಾನ ಕೈ ಹಾಕಿ ಆರಿಸ್ಕೊಳ್ಳಲಿ ಬಿಡ್ರಿ ಕಾಕು."

ನನ್ನವರ ಹಡಗು ಬಂದರಿಗೆ ಬಂದಾಗ ವಿಡಿಯೋ ಕಾಲ್ ಬಂತು. ಸುದ್ದಿ ತಲುಪಿತ್ತು. ಬಲಗೈಯನ್ನು ಫೋನಿಗೆ ಕಾಣದಂತೆ ಮಡಿಲಲ್ಲಿಟ್ಟುಕೊಂಡಿದ್ದೆ.

"ಕೈ ತೋರಸು."

"ಆರಾಮ ಐತ್ರಿ."

"ತೋರಸು ಅಂದೆ."

ಎತ್ತಿದೆ. ಬರಿಯ ಮಣಿಕಟ್ಟು, ಗೀರುಗಳು. ಬಳೆಯ ಮಾತು ಬರುತ್ತದೆ ಅಂತ ಕಾದೆ. ಅವರು ಚಷ್ಮಾ ಹಾಕಿಕೊಂಡು ಮುಖ ಹತ್ತಿರ ತಂದರು.

"ಬೆರಳ ಮಡಚು."

ಮಡಚಿದೆ.

"ನಡುವಿನದು?"

"ಅದು ಸಾವಕಾಶ್ ಅಂದಾರ್ರಿ."

"ನನ್ನ ಜೋಡಿ ಮಡಚು. ಹಿಂಗ." ತಮ್ಮ ಕೈ ಎತ್ತಿದರು. ಗ್ರೀಸ್ ಮೆತ್ತಿದ ಬೆರಳುಗಳು ಮೆಲ್ಲಗೆ ಬಾಗತೊಡಗಿದವು, ಅರ್ಧಕ್ಕೆ ಚಿತ್ರ ನಿಂತಿತು. ನೆಟ್‌ವರ್ಕ್ ಹೋಗಿತ್ತು.

ನಾನು ನಿಲ್ಲಿಸಲಿಲ್ಲ. ಅಲ್ಲಾಡದ ಆ ಕೈಯ ಎದುರು ಬೆರಳು ಮಡಚಲು ನೋಡುತ್ತಲೇ ಇದ್ದೆ. ನಡುಬೆರಳು ಒಂದು ಚೂರು ಬಾಗಿತು ಎಂದು ಬರೆಯುವಷ್ಟು ಧೈರ್ಯ ಇಲ್ಲ. ಬಾಗಲಿಲ್ಲ ಎಂದೂ ಬರೆಯಲಾರೆ.